ಟಾರ್ಟ್ರಾಜಿನ್ ಎಂಬ ಹಳದಿ ಬಣ್ಣ: ಲಾಡಿಗೆ ಹಾಕಬಹುದು, ಗೋಬಿಗೆ ಹಾಕಬಾರದು – ಯಾಕೆ?

"ಮಕ್ಕಳ ತಿಂಡಿ ಪ್ಯಾಕೆಟ್ ಮೇಲೆ 102 ಅಂತ ಇದ್ದರೆ ತಕ್ಷಣ ಬಿಸಾಡಿ. ಅದು ಕ್ಯಾನ್ಸರ್ ತರುವ ವಿಷ. ಎಲ್ಲ ಗ್ರೂಪ್‌ಗೂ ಕಳಿಸಿ." ಇಂಥ ಸಂದೇಶ ನಿಮ್ಮ ವಾಟ್ಸ್ಆ್ಯಪ್‌ಗೂ ಬಂದಿರಬಹುದು. ಇದರ ಬೆನ್ನಿಗೇ ಇನ್ನೊಂದು ಬರುತ್ತದೆ: "102 ಅಂದರೆ ಸರ್ಕಾರವೇ ಒಪ್ಪಿದ ಬಣ್ಣ, ಎಷ್ಟು ತಿಂದರೂ ಏನೂ ಆಗಲ್ಲ." ಎರಡರಲ್ಲೂ ಅರ್ಧ ಮಾತ್ರ ನಿಜವಿದೆ. ಉಳಿದ ಅರ್ಧವನ್ನು ಇಲ್ಲಿ ನೋಡೋಣ.

ಚುಟುಕಾಗಿ ಹೇಳುವುದಾದರೆ

- 102 ಎಂಬ ಸಂಖ್ಯೆಯ ಬಣ್ಣದ ಹೆಸರು ಟಾರ್ಟ್ರಾಜಿನ್. ಇದು ಕಾರ್ಖಾನೆಯಲ್ಲಿ ತಯಾರಾಗುವ ನಿಂಬೆ ಹಳದಿ ಬಣ್ಣ.
- ಭಾರತದಲ್ಲಿ ಕೆಲವು ತಿಂಡಿಗಳಿಗೆ, ಮಿತಿಯೊಳಗೆ ಮಾತ್ರ ಇದಕ್ಕೆ ಅನುಮತಿ ಇದೆ.
- ಗೋಬಿ ಮಂಚೂರಿ, ಕಬಾಬ್, ಅರಿಶಿನ ಪುಡಿ, ಬೇಳೆ, ಟೀ ಪುಡಿ – ಇವುಗಳಲ್ಲಿ ಇದನ್ನು ಬಳಸುವಂತಿಲ್ಲ.
- ರೋಡಮಿನ್-ಬಿ ಇದಲ್ಲ. ಅದು ಬಟ್ಟೆಗೆ ಹಾಕುವ ಬಣ್ಣ; ಅದಕ್ಕೆ ಯಾವ ಆಹಾರದಲ್ಲೂ ಅನುಮತಿ ಇಲ್ಲ.
- ಕೇಳಬೇಕಾದ ಪ್ರಶ್ನೆ "102 ಇದೆಯಾ?" ಎಂಬುದಷ್ಟೇ ಅಲ್ಲ. "ಯಾವ ತಿಂಡಿಯಲ್ಲಿದೆ, ಎಷ್ಟಿದೆ?" ಎಂಬುದು.

ಹಳದಿಯ ಸೀಮೆಯಲ್ಲಿ ಮೂರು ಹಳದಿ

ಚಾಮರಾಜನಗರ, ಉಡಿಗಾಲ, ಗುಂಡ್ಲುಪೇಟೆ ಕಡೆಯವರಿಗೆ ಹಳದಿ ಬಣ್ಣದ ಬಗ್ಗೆ ಯಾರೂ ಹೊಸದಾಗಿ ಹೇಳಬೇಕಿಲ್ಲ. ಈ ಜಿಲ್ಲೆ ಅರಿಶಿನ ಬೆಳೆಯುವ ಸೀಮೆ. ಮಳೆಗಾಲದಲ್ಲಿ ಗುಂಡ್ಲುಪೇಟೆ ಸುತ್ತಮುತ್ತ ಚೆಂಡು ಹೂವಿನ ಹೊಲಗಳು ಅರಳಿದರೆ ದಾರಿಹೋಕರು ವಾಹನ ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಹೂವೆಲ್ಲ ಹಾರಕ್ಕೇ ಹೋಗುವುದಿಲ್ಲ. ಬಣ್ಣ ತೆಗೆಯುವ ಕಾರ್ಖಾನೆಗಳೂ ಕೊಳ್ಳುತ್ತವೆ. ಚೆಂಡು ಹೂವಿನಿಂದ ಸಿಗುವ ಲುಟೀನ್ ಎಂಬ ಬಣ್ಣವನ್ನು ಕೋಳಿ ಮೇವಿಗೆ ಬೆರೆಸಿದರೆ ಮೊಟ್ಟೆಯ ಭಂಡಾರ ಗಾಢ ಹಳದಿಯಾಗುತ್ತದೆ. ಆಹಾರದ ಬಣ್ಣವಾಗಿಯೂ ಅದಕ್ಕೆ 161ಬಿ ಎಂಬ ಸಂಖ್ಯೆ ಇದೆ. ನಮ್ಮ ಅರಿಶಿನದ ಬಣ್ಣವಾದ ಕರ್ಕ್ಯುಮಿನ್‌ಗೆ 100.

ಅಂದರೆ ಸಂಖ್ಯೆ ಇದ್ದ ಮಾತ್ರಕ್ಕೆ ಅದು ವಿಷ ಅಲ್ಲ. ಆಹಾರಕ್ಕೆ ಸೇರಿಸುವ ಪದಾರ್ಥಗಳನ್ನು ಜಗತ್ತಿನಾದ್ಯಂತ ಒಂದೇ ರೀತಿ ಗುರುತಿಸಲು ಮಾಡಿಕೊಂಡ ಪಟ್ಟಿ ಅದು. ಹೊಲದ ಅರಿಶಿನಕ್ಕೆ 100, ಕಾರ್ಖಾನೆಯ ಟಾರ್ಟ್ರಾಜಿನ್‌ಗೆ 102. ನಮ್ಮಲ್ಲಿ ಇದನ್ನು ಐಎನ್‌ಎಸ್ 102 ಎಂದೂ, ಯುರೋಪಿನಲ್ಲಿ ಇ102 ಎಂದೂ, ಅಮೆರಿಕದಲ್ಲಿ ಯೆಲ್ಲೊ 5 ಎಂದೂ ಬರೆಯುತ್ತಾರೆ. ಮೂರೂ ಒಂದೇ.

ಟಾರ್ಟ್ರಾಜಿನ್ ಎಂದರೇನು?

1884ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನ ವಿಜ್ಞಾನಿ ಯೋಹಾನ್ ಹೈನ್ರಿಕ್ ಝೀಗ್ಲರ್ ಇದನ್ನು ತಯಾರಿಸಿದರು. ಆಗ ಇಂಥ ಬಣ್ಣಗಳಿಗೆ ಮೂಲ ಕಲ್ಲಿದ್ದಲಿನ ಟಾರು. ಈಗ ಪೆಟ್ರೋಲಿಯಂನಿಂದ ಸಿಗುವ ಕಚ್ಚಾ ವಸ್ತುಗಳಿಂದ ಮಾಡುತ್ತಾರೆ. ರಸಾಯನಶಾಸ್ತ್ರದಲ್ಲಿ ಇದು ಅಜೋ ಬಣ್ಣಗಳ ಗುಂಪಿಗೆ ಸೇರುತ್ತದೆ. ಎರಡು ನೈಟ್ರೋಜನ್ ಪರಮಾಣುಗಳ ಜೋಡಿಯೇ ಈ ಗುಂಪಿನ ಗುರುತು.

ಪುಡಿಯಾಗಿದ್ದಾಗ ಕಿತ್ತಳೆ ಮಿಶ್ರಿತ ಹಳದಿ. ನೀರಿಗೆ ಹಾಕಿದರೆ ಸಲೀಸಾಗಿ ಕರಗಿ ನಿಂಬೆ ಹಳದಿಯಾಗುತ್ತದೆ. ಬಿಸಿ, ಬೆಳಕು, ಹುಳಿ ಯಾವುದಕ್ಕೂ ಸುಲಭಕ್ಕೆ ಬಣ್ಣ ಬಿಡುವುದಿಲ್ಲ. ಅರಿಶಿನ ಹಾಗಲ್ಲ. ಅದು ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಬೆರೆಯುತ್ತದೆ, ಬಿಸಿಲಿಗಿಟ್ಟರೆ ಮಾಸುತ್ತದೆ, ತನ್ನದೇ ವಾಸನೆ ಮತ್ತು ರುಚಿ ಬಿಡುತ್ತದೆ. ಜ್ಯೂಸ್ ಬಾಟಲಿ ಅಂಗಡಿಯಲ್ಲಿ ಆರು ತಿಂಗಳು ಕೂತರೂ ಬಣ್ಣ ಹಾಗೇ ಇರಬೇಕು, ಖರ್ಚು ಕಡಿಮೆಯಾಗಬೇಕು ಎನ್ನುವವರು ಟಾರ್ಟ್ರಾಜಿನ್ ಕಡೆ ಹೋಗುವುದು ಇದಕ್ಕೇ.

ಒಂದು ಮಾತು ನೆನಪಿಡಿ. ಈ ಬಣ್ಣದಿಂದ ತಿಂಡಿ ಕೆಡದಂತೆ ಉಳಿಯುವುದಿಲ್ಲ, ರುಚಿಯೂ ಹೆಚ್ಚುವುದಿಲ್ಲ, ಪೌಷ್ಟಿಕಾಂಶವೂ ಸಿಗುವುದಿಲ್ಲ. ಕಣ್ಣಿಗೆ ಚೆಂದ ಕಾಣಿಸುವುದೊಂದೇ ಇದರ ಕೆಲಸ.

ಎಲ್ಲೆಲ್ಲಿ ಬಳಸುತ್ತಾರೆ?

ಭಾರತದಲ್ಲಿ ಆಹಾರಕ್ಕೆ ಅನುಮತಿ ಇರುವ ಕೃತಕ ಬಣ್ಣಗಳು ಎಂಟೇ. ಅದರಲ್ಲಿ ಟಾರ್ಟ್ರಾಜಿನ್ ಒಂದು. ಸನ್‌ಸೆಟ್ ಯೆಲ್ಲೊ ಮತ್ತು ಕಾರ್ಮೋಯಿಸಿನ್ ಇದೇ ಪಟ್ಟಿಯ ಇನ್ನೆರಡು. ನಿಯಮದ ಪ್ರಕಾರ ಸಿಹಿ ತಿಂಡಿ, ಬಿಸ್ಕತ್ತು, ಕೇಕ್, ಪೆಪ್ಪರಮಿಂಟು, ಐಸ್‌ಕ್ರೀಂ, ಐಸ್ ಕ್ಯಾಂಡಿ, ಕಸ್ಟರ್ಡ್ ಪುಡಿ, ಜೆಲ್ಲಿ, ಶರಬತ್ತು, ತಂಪು ಪಾನೀಯ ಇಂಥವಕ್ಕೆ ಹಾಕಬಹುದು. ಮದುವೆ ಮನೆಯ ಕೇಸರಿಬಾತ್, ಲಾಡು, ಜಿಲೇಬಿ ಸಿಹಿ ತಿಂಡಿಯ ಲೆಕ್ಕಕ್ಕೆ ಬರುತ್ತವೆ. ಸಿಹಿ ತಿಂಡಿಗೆ ಮಿತಿ ಒಂದು ಕಿಲೊಗೆ 100 ಮಿಲಿಗ್ರಾಂ. ತಿಂಡಿಯಲ್ಲದೆ ಕೆಲವು ಮಾತ್ರೆಗಳ ಹೊದಿಕೆ, ಸಿರಪ್, ಸೋಪು, ಶ್ಯಾಂಪುಗಳಲ್ಲೂ ಇದು ಇರುತ್ತದೆ.

ಪಟ್ಟಿಯಲ್ಲಿ ಹೆಸರಿಲ್ಲದ ಆಹಾರಕ್ಕೆ ಹಾಕುವಂತಿಲ್ಲ. ಕಾನೂನು ಇರುವುದೇ ಹೀಗೆ: "ಬೇಡ ಎಂದು ಬರೆದಿಲ್ಲವಲ್ಲ, ಹಾಕೋಣ" ಎನ್ನಲು ಬರುವುದಿಲ್ಲ, "ಹಾಕಬಹುದು" ಎಂದು ಬರೆದಿದ್ದರೆ ಮಾತ್ರ ಹಾಕಬಹುದು.

2024ರಲ್ಲಿ ಕರ್ನಾಟಕದಲ್ಲಿ ಏನಾಯಿತು?

2024ರ ಫೆಬ್ರವರಿಯಲ್ಲಿ ಪಕ್ಕದ ತಮಿಳುನಾಡು ಬಾಂಬೆ ಮಿಠಾಯಿ ಮಾರಾಟವನ್ನು ನಿಷೇಧಿಸಿತು. ಅದರಲ್ಲಿ ರೋಡಮಿನ್-ಬಿ ಸಿಕ್ಕಿತ್ತು. ಆಮೇಲೆ ನಮ್ಮ ರಾಜ್ಯದ ಆಹಾರ ಸುರಕ್ಷತಾ ಇಲಾಖೆಯೂ ಮಾದರಿಗಳನ್ನು ಪರೀಕ್ಷಿಸಿತು. ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಫಲಿತಾಂಶ ತಿಳಿಸಿದರು. ಗೋಬಿ ಮಂಚೂರಿಯ 171 ಮಾದರಿಗಳಲ್ಲಿ 107 ಅಸುರಕ್ಷಿತ. ಬಾಂಬೆ ಮಿಠಾಯಿಯ 25 ಮಾದರಿಗಳಲ್ಲಿ 15 ಅಸುರಕ್ಷಿತ. ಸಿಕ್ಕ ಬಣ್ಣಗಳು ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೊ ಮತ್ತು ರೋಡಮಿನ್-ಬಿ. ಈ ಎರಡೂ ತಿನಿಸುಗಳಿಗೆ ಕೃತಕ ಬಣ್ಣ ಹಾಕುವುದನ್ನು ಅಂದೇ ರಾಜ್ಯದಾದ್ಯಂತ ನಿಷೇಧಿಸಲಾಯಿತು. ಜೂನ್‌ನಲ್ಲಿ ಕಬಾಬ್‌ನ ಸರದಿ. 39 ಮಾದರಿಗಳಲ್ಲಿ 8ರಲ್ಲಿ ಕೃತಕ ಬಣ್ಣ ಸಿಕ್ಕಿತು. ಕೋಳಿ, ಮೀನು, ತರಕಾರಿ ಯಾವ ಕಬಾಬ್‌ಗೂ ಬಣ್ಣ ಹಾಕಬಾರದು ಎಂಬ ಆದೇಶ ಬಂತು.

ಆಗ ಹರಿದಾಡಿದ ಸಂದೇಶಗಳು "ಗೋಬಿ ಬ್ಯಾನ್" ಎಂದವು. ಗೋಬಿಯನ್ನು ಯಾರೂ ನಿಷೇಧಿಸಿಲ್ಲ. ನಿಷೇಧವಾಗಿರುವುದು ಅದಕ್ಕೆ ಹಾಕುವ ಬಣ್ಣ. ಬಣ್ಣವಿಲ್ಲದ ಬಿಳಿ ಬಾಂಬೆ ಮಿಠಾಯಿಯನ್ನೂ ಮಾರಬಹುದು.

ಇನ್ನೂ ದೊಡ್ಡ ಗೊಂದಲ ಎಂದರೆ ಮೂರೂ ಬಣ್ಣಗಳನ್ನು ಒಂದೇ ತಕ್ಕಡಿಯಲ್ಲಿ ತೂಗಿದ್ದು. ರೋಡಮಿನ್-ಬಿ ಬಟ್ಟೆಗೆ, ಕಾಗದಕ್ಕೆ ಹಾಕುವ ಬಣ್ಣ. ಅದು ಒಂದು ಚೂರೂ ಆಹಾರದಲ್ಲಿ ಇರಕೂಡದು. ಟಾರ್ಟ್ರಾಜಿನ್ ಮತ್ತು ಸನ್‌ಸೆಟ್ ಯೆಲ್ಲೊ ಆಹಾರದ ಬಣ್ಣಗಳೇ. ಆದರೆ ಇರಬಾರದ ಜಾಗದಲ್ಲಿದ್ದವು.

ಲಾಡಿಗೆ ಸರಿ ಎಂದ ಮೇಲೆ ಗೋಬಿಗೆ ಯಾಕೆ ತಪ್ಪು?

ಗೋಬಿ ಗಾಡಿ ಇಟ್ಟವರು ಕೇಳುವ ಈ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಲೆಕ್ಕದಲ್ಲಿದೆ.

ಆಹಾರದ ಬಣ್ಣಗಳನ್ನು ಪರಿಶೀಲಿಸುವ ಅಂತರರಾಷ್ಟ್ರೀಯ ತಜ್ಞರ ಸಮಿತಿಯೊಂದಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಸೇರಿ ನಡೆಸುವ ಸಮಿತಿ ಅದು. ಪ್ರಾಣಿಗಳಿಗೆ ದೀರ್ಘಕಾಲ ತಿನ್ನಿಸಿದರೂ ತೊಂದರೆ ಕಾಣದ ಪ್ರಮಾಣವನ್ನು ಹುಡುಕಿ, ಅದರ ನೂರರಲ್ಲಿ ಒಂದು ಪಾಲನ್ನು ಮನುಷ್ಯರಿಗೆ ದಿನದ ಮಿತಿ ಎಂದು ಇಡುತ್ತಾರೆ. 2016ರಲ್ಲಿ ಟಾರ್ಟ್ರಾಜಿನ್‌ಗೆ ಇಟ್ಟ ಮಿತಿ, ದೇಹದ ತೂಕದ ಪ್ರತಿ ಕಿಲೊಗೆ ದಿನಕ್ಕೆ 10 ಮಿಲಿಗ್ರಾಂ. ಯುರೋಪಿನ ಸಂಸ್ಥೆ 2009ರಲ್ಲಿ 7.5 ಎಂದಿತ್ತು.

15 ಕಿಲೊ ತೂಕದ ಮಗುವನ್ನು ತೆಗೆದುಕೊಳ್ಳಿ. ಅದರ ದಿನದ ಮಿತಿ 150 ಮಿಲಿಗ್ರಾಂ. ನಿಯಮದಂತೆ ಮಾಡಿದ 100 ಗ್ರಾಂ ಸಿಹಿಯಲ್ಲಿ ಹೆಚ್ಚೆಂದರೆ 10 ಮಿಲಿಗ್ರಾಂ ಬಣ್ಣ ಇರುತ್ತದೆ. ಮಿತಿ ದಾಟಬೇಕಾದರೆ ಆ ಮಗು ದಿನಕ್ಕೆ ಒಂದೂವರೆ ಕಿಲೊ ಸಿಹಿ ತಿನ್ನಬೇಕು. ಅಷ್ಟು ತಿಂದರೆ ಬಣ್ಣಕ್ಕಿಂತ ಮೊದಲು ಸಕ್ಕರೆಯೇ ಕಾಡುತ್ತದೆ.

ಈಗ ಬಾಣಲೆಯ ಹತ್ತಿರ ಬನ್ನಿ. ಒಂದು ಕಿಲೊ ಹಿಟ್ಟಿಗೆ 100 ಮಿಲಿಗ್ರಾಂ ಎಂದರೆ ಗ್ರಾಮಿನ ಹತ್ತನೇ ಒಂದು ಪಾಲು. ಎರಡು ಬೆರಳಲ್ಲಿ ಹಿಡಿದ ಚಿಟಿಕೆಯೇ ಸುಮಾರು ಕಾಲು ಗ್ರಾಂ ತೂಗುತ್ತದೆ. ಅಪ್ಪಟ ಬಣ್ಣವಾದರೆ ಒಂದು ಚಿಟಿಕೆಗೇ ಮಿತಿ ಎರಡೂವರೆ ಪಟ್ಟು ದಾಟಿತು. ಚಮಚದ ತುದಿಯಲ್ಲಿ ಒಂದು ಗ್ರಾಂ ಎತ್ತಿ ಹಾಕಿದರೆ ಹತ್ತು ಪಟ್ಟು. ಆಗ 200 ಗ್ರಾಂ ತಿಂದ ಅದೇ ಮಗುವಿನ ಹೊಟ್ಟೆಗೆ ಹೋಗುವುದು 200 ಮಿಲಿಗ್ರಾಂ. ದಿನದ ಮಿತಿ ಒಂದೇ ತಿಂಡಿಗೆ ಮುಗಿದು ಮೇಲೆ ಐವತ್ತು. ಬೀದಿ ಬದಿಯಲ್ಲಿ ಮಿಲಿಗ್ರಾಂ ತೂಗುವ ತಕ್ಕಡಿ ಇರುವುದಿಲ್ಲ. ಬಣ್ಣ ಹಾಕುವುದು ಕಣ್ಣಂದಾಜಿನಲ್ಲಿ.

ಎರಡನೆಯ ವಿಷಯ ಊಟದ ಲೆಕ್ಕ. ಲಾಡು ಹಬ್ಬಕ್ಕೆ, ಮದುವೆಗೆ. ಗೋಬಿ, ಕಬಾಬ್ ಎಂದರೆ ಸಂಜೆಯ ತಿಂಡಿ, ಎಷ್ಟೋ ಜನರಿಗೆ ರಾತ್ರಿ ಊಟವೇ. ಸಿಹಿಯಲ್ಲಿ, ಕಾರದಲ್ಲಿ, ಅನ್ನದಲ್ಲಿ ಎಲ್ಲ ಕಡೆ ಬಣ್ಣ ಬಿಟ್ಟರೆ ಒಟ್ಟು ಎಷ್ಟು ತಿಂದೆವು ಎಂಬ ಲೆಕ್ಕವೇ ಸಿಗುವುದಿಲ್ಲ.

ಮೂರನೆಯದು ಬಣ್ಣದ ಮೂಲ. ಹೆಸರಿಲ್ಲದ ಪೊಟ್ಟಣದಲ್ಲಿ ಬಿಡಿಯಾಗಿ ಸಿಗುವ ಪುಡಿ ಆಹಾರದ ಬಣ್ಣವೋ ಬಟ್ಟೆಯ ಬಣ್ಣವೋ ಅಡುಗೆಯವರಿಗೂ ಗೊತ್ತಿರುವುದಿಲ್ಲ. ಟಾರ್ಟ್ರಾಜಿನ್ ಎಂದುಕೊಂಡು ತಂದದ್ದು ಮೆಟಾನಿಲ್ ಯೆಲ್ಲೊ ಎಂಬ ಅನುಮತಿ ಇಲ್ಲದ ಬಣ್ಣವೂ ಆಗಿರಬಹುದು. ನೋಡಲು ಎರಡೂ ಹಳದಿಯೇ.

ಆರೋಗ್ಯಕ್ಕೆ ಏನಾಗುತ್ತದೆ?

*ಕ್ಯಾನ್ಸರ್ ಬರುತ್ತದೆಯೇ?* ಇಲಿಗಳಿಗೆ ದೀರ್ಘಕಾಲ ತಿನ್ನಿಸಿದ ಅಧ್ಯಯನಗಳನ್ನು ಪರಿಶೀಲಿಸಿದ ಅಂತರರಾಷ್ಟ್ರೀಯ ಸಮಿತಿಯಾಗಲಿ ಯುರೋಪಿನ ಸಂಸ್ಥೆಯಾಗಲಿ ಟಾರ್ಟ್ರಾಜಿನ್ ಕ್ಯಾನ್ಸರ್‌ಕಾರಕ ಎಂದು ಹೇಳಿಲ್ಲ. ನುಂಗಿದ ಬಣ್ಣದಲ್ಲಿ ತುಂಬಾ ಸ್ವಲ್ಪ ಮಾತ್ರ ಹಾಗೇ ರಕ್ತಕ್ಕೆ ಸೇರುತ್ತದೆ. ಬಹುಪಾಲನ್ನು ಕರುಳಿನ ಬ್ಯಾಕ್ಟೀರಿಯಾಗಳು ಒಡೆಯುತ್ತವೆ. ಅದು ಮಲ, ಮೂತ್ರದಲ್ಲಿ ಹೊರಹೋಗುತ್ತದೆ.

*ಅಲರ್ಜಿ?* ಇದು ನಿಜ. ಆದರೆ ಕೆಲವೇ ಜನರಲ್ಲಿ. ಅಂಥವರಿಗೆ ಮೈ ತುರಿಕೆ, ಗಂಧೆ ಏಳುವುದು ಆಗುತ್ತದೆ. ಇದಕ್ಕಾಗಿಯೇ ಅಮೆರಿಕದಲ್ಲಿ ಸುಮಾರು ನಾಲ್ಕು ದಶಕಗಳಿಂದ ಈ ಬಣ್ಣದ ಹೆಸರನ್ನು ಪ್ಯಾಕೆಟ್ ಮೇಲೆ ಬರೆಯುವುದು ಕಡ್ಡಾಯ. ಆಸ್ತಮಾ ಇರುವ ಎಲ್ಲರಿಗೂ ಇದು ಆಗದು ಎಂಬ ಮಾತಿಗೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಆದರೆ ಹಳದಿ ಮಿಠಾಯಿ ತಿಂದಾಗಲೆಲ್ಲ ನಿಮ್ಮ ಮಗುವಿಗೆ ಗಂಧೆ ಏಳುತ್ತಿದ್ದರೆ ಅದನ್ನು ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸಿ. ಉಸಿರಾಟಕ್ಕೆ ಕಷ್ಟವಾದರೆ ಕಾಯದೆ ಆಸ್ಪತ್ರೆಗೆ ಹೋಗಿ.

*ಮಕ್ಕಳ ಚಂಚಲತೆ?* 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಮೂರು ವರ್ಷದ 153 ಮತ್ತು ಎಂಟು-ಒಂಬತ್ತು ವರ್ಷದ 144 ಮಕ್ಕಳ ಮೇಲೆ ಅಧ್ಯಯನ ನಡೆಸಿದರು. ಕೃತಕ ಬಣ್ಣಗಳ ಮಿಶ್ರಣ ಮತ್ತು ಸೋಡಿಯಂ ಬೆಂಜೋಯೇಟ್ ಇದ್ದ ಪಾನೀಯ ಕುಡಿದಾಗ ಕೆಲವು ಮಕ್ಕಳ ಚಂಚಲತೆ ಸ್ವಲ್ಪ ಹೆಚ್ಚಿತು. ಮಿಶ್ರಣ ಕೊಟ್ಟಿದ್ದರಿಂದ ಯಾವ ಬಣ್ಣದಿಂದ ಹೀಗಾಯಿತು ಎಂದು ಬೇರ್ಪಡಿಸಿ ಹೇಳಲಾಗಲಿಲ್ಲ. ಪರಿಣಾಮ ಎಲ್ಲ ಮಕ್ಕಳಲ್ಲೂ ಒಂದೇ ತರಹ ಇರಲಿಲ್ಲ. ಆದರೂ ಯುರೋಪಿಯನ್ ಒಕ್ಕೂಟ ಅದನ್ನು ತಳ್ಳಿಹಾಕಲಿಲ್ಲ. ಟಾರ್ಟ್ರಾಜಿನ್ ಸೇರಿ ಆರು ಬಣ್ಣಗಳಿರುವ ತಿಂಡಿಗಳ ಮೇಲೆ, ಮಕ್ಕಳ ಚಟುವಟಿಕೆ ಮತ್ತು ಗಮನದ ಮೇಲೆ ಕೆಟ್ಟ ಪರಿಣಾಮ ಆಗಬಹುದು ಎಂದು ಬರೆಯುವುದನ್ನು 2010ರ ಜುಲೈನಿಂದ ಕಡ್ಡಾಯ ಮಾಡಿತು. ನಿಷೇಧಿಸಲಿಲ್ಲ, ಎಚ್ಚರಿಸಿತು.

*ಚರ್ಮ ಪಾರದರ್ಶಕ ಆಗುತ್ತದೆಯಂತೆ?* 2024ರ ಸೆಪ್ಟೆಂಬರ್‌ನಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಸಂಶೋಧನೆಯನ್ನು ತಿರುಚಿದ ಮಾತು ಇದು. ಟಾರ್ಟ್ರಾಜಿನ್‌ನ ಗಟ್ಟಿ ದ್ರಾವಣವನ್ನು ಇಲಿಯ ಚರ್ಮಕ್ಕೆ ಹಚ್ಚಿದಾಗ ಸ್ವಲ್ಪ ಹೊತ್ತು ಒಳಗಿನ ಅಂಗಗಳು ಕಂಡವು. ನೀರಲ್ಲಿ ತೊಳೆದ ಮೇಲೆ ಚರ್ಮ ಮೊದಲಿನಂತಾಯಿತು. ಅದು ಹೊರಗೆ ಹಚ್ಚಿದ್ದು. ಕುರುಕಲು ತಿಂದರೆ ಹಾಗಾಗುವುದಿಲ್ಲ.

ಹಾಗಾದರೆ ನೈಸರ್ಗಿಕ ಬಣ್ಣ ಎಷ್ಟು ಹಾಕಿದರೂ ಸರಿಯೇ?

ಇಲ್ಲೊಂದು ಆಶ್ಚರ್ಯವಿದೆ. ಬಣ್ಣವಾಗಿ ಬೇರ್ಪಡಿಸಿದ ಕರ್ಕ್ಯುಮಿನ್‌ಗೂ ಅದೇ ಸಮಿತಿ ದಿನದ ಮಿತಿ ಇಟ್ಟಿದೆ. ಅದು ದೇಹದ ತೂಕದ ಪ್ರತಿ ಕಿಲೊಗೆ 3 ಮಿಲಿಗ್ರಾಂ, ಅಂದರೆ ಟಾರ್ಟ್ರಾಜಿನ್‌ಗಿಂತ ಕಡಿಮೆ! ಹಾಗೆಂದು ಸಾರಿಗೆ ಹಾಕುವ ಅರಿಶಿನಕ್ಕೆ ಹೆದರಬೇಕಿಲ್ಲ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಕೆಲವೇ ಪಾಲು. ಹೇಳಬೇಕಾದ್ದು ಇಷ್ಟೇ: "ನೈಸರ್ಗಿಕ" ಎಂಬ ಪದ ಮಿತಿಯನ್ನು ಅಳಿಸುವುದಿಲ್ಲ, "ಕೃತಕ" ಎಂಬ ಪದ ತಾನಾಗಿ ವಿಷ ಆಗುವುದಿಲ್ಲ.

ಅರಿಶಿನದ ನಿಜವಾದ ಅಪಾಯ ಅದಕ್ಕೆ ಬೆರೆಸುವ ಬಣ್ಣದಿಂದ ಬರುತ್ತದೆ. ಮೆಟಾನಿಲ್ ಯೆಲ್ಲೊ, ಅದಕ್ಕಿಂತ ಕೆಟ್ಟದ್ದು ಸೀಸದ ಕ್ರೋಮೇಟ್. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೇ ಪೆಟ್ಟು ಕೊಡುತ್ತದೆ. ಬಾಂಗ್ಲಾದೇಶದಲ್ಲಿ 2019ರಲ್ಲಿ ಮಾರುಕಟ್ಟೆಯ ಅರಿಶಿನ ಮಾದರಿಗಳಲ್ಲಿ ಶೇ 47ರಷ್ಟರಲ್ಲಿ ಸೀಸ ಸಿಕ್ಕಿತ್ತು. ಸರ್ಕಾರ, ಸಂಶೋಧಕರು ಸೇರಿ ಪರೀಕ್ಷೆ, ದಂಡ, ಜಾಗೃತಿ ನಡೆಸಿದ ಮೇಲೆ 2021ಕ್ಕೆ ಅದು ಸೊನ್ನೆಗೆ ಇಳಿಯಿತು. ಕೊಳ್ಳುವವರು ಕಡು ಹಳದಿಯೇ ಬೇಕು ಎನ್ನುವುದನ್ನು ಬಿಟ್ಟರೆ ಹೊಲದಲ್ಲಿ ದುಡಿದ ರೈತನ ಅಪ್ಪಟ ಅರಿಶಿನಕ್ಕೂ ಬೆಲೆ ಉಳಿಯುತ್ತದೆ.

ಮನೆಯಲ್ಲೇ ಪತ್ತೆ ಹಚ್ಚಬಹುದೇ?

ಅರಿಶಿನ ಇದೆಯೇ ಎಂದು ಹೇಳಬಹುದು. ಆರತಿ ತಟ್ಟೆಯ ನೀರು ನೆನಪಿಸಿಕೊಳ್ಳಿ. ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಗಾಗುತ್ತದೆ. ಬಿಳಿ ಪಂಚೆ ಮೇಲೆ ಬಿದ್ದ ಸಾರಿನ ಕಲೆ ಸೋಪು ತಾಗಿದ ಕೂಡಲೇ ಕೆಂಪಾಗುವುದೂ ಇದೇ ಕಾರಣಕ್ಕೆ. ಟಾರ್ಟ್ರಾಜಿನ್ ಹೀಗೆ ಕಡು ಕೆಂಪಾಗುವುದಿಲ್ಲ.

ಲೋಟದ ನೀರಿನ ಮೇಲೆ ಒಂದು ಚಮಚ ಅರಿಶಿನ ಪುಡಿ ಉದುರಿಸಿ, ಕಲಕದೆ ಬಿಡಿ. ಶುದ್ಧ ಪುಡಿ ತಳಕ್ಕೆ ಇಳಿಯುವಾಗ ನೀರು ತಿಳಿ ಹಳದಿಯಾಗುತ್ತದೆ. ಕೃತಕ ಬಣ್ಣ ಬೆರೆತಿದ್ದರೆ ಇಳಿಯುವ ದಾರಿಯಲ್ಲೇ ಗಾಢ ಹಳದಿ ಬಿಡುತ್ತದೆ.

ಆದರೆ ಇವು ಸೂಚನೆಗಳಷ್ಟೇ, ತೀರ್ಪಲ್ಲ. ಅರಿಶಿನವೂ ಕೃತಕ ಬಣ್ಣವೂ ಎರಡೂ ಇದ್ದರೆ ಸುಣ್ಣಕ್ಕೆ ಕೆಂಪಾಗಿಯೇ ಆಗುತ್ತದೆ. ಸೀಸವಂತೂ ಮನೆಯಲ್ಲಿ ಗೊತ್ತಾಗುವುದಿಲ್ಲ. ಕೆಲವು ವಿಡಿಯೊಗಳಲ್ಲಿ ತೋರಿಸುವ ಹಾಗೆ ಆ್ಯಸಿಡ್ ತಂದು ಪರೀಕ್ಷೆ ಮಾಡಲು ಹೋಗಬೇಡಿ. ಕೈ, ಕಣ್ಣು ಸುಟ್ಟುಕೊಳ್ಳುತ್ತೀರಿ.

ನಾವು ಮಾಡಬಹುದಾದದ್ದೇನು?

- ಕೊಳ್ಳುವವರು: ಪ್ಯಾಕೆಟ್ ಹಿಂದೆ 102, 110, 122 ಇಂಥ ಸಂಖ್ಯೆ ಇದೆಯೇ, 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇದೆಯೇ ನೋಡಿ. ಚಿಕ್ಕ ಮಕ್ಕಳಿಗೆ ಬಣ್ಣದ ತಿಂಡಿ ದಿನವೂ ಬೇಡ. ಗಾಡಿಯ ಹತ್ತಿರ "ಕಲರ್ ಹಾಕದೆ ಕೊಡಣ್ಣ" ಎಂದು ಕೇಳಿ. ಜನ ಕೆಂಪು ಕೇಳುತ್ತಾರೆ ಎಂದೇ ಅವರು ಕೆಂಪು ಮಾಡುವುದು.
- ಗೋಬಿ, ಕಬಾಬ್ ಮಾರುವವರು: ಬ್ಯಾಡಗಿ ಮೆಣಸಿನಕಾಯಿ ರುಬ್ಬಿ ಹಾಕಿದರೆ ಖಾರ ಕಡಿಮೆ, ಬಣ್ಣ ಜಾಸ್ತಿ. ನಿಷೇಧದ ಸಂದರ್ಭದಲ್ಲಿ ಸರ್ಕಾರ ಎಚ್ಚರಿಸಿದ್ದು 10 ಲಕ್ಷ ರೂಪಾಯಿ ದಂಡ ಮತ್ತು ಏಳು ವರ್ಷದಿಂದ ಜೀವಾವಧಿಯವರೆಗಿನ ಜೈಲಿನ ಬಗ್ಗೆ. ಒಂದು ಚಿಟಿಕೆ ಪುಡಿಗೆ ಸಂಸಾರವನ್ನೇ ಒಡ್ಡಬೇಡಿ.
- ಮದುವೆ, ಹಬ್ಬದ ಅಡುಗೆ ಮಾಡಿಸುವವರು: ಸಾಮಾನಿನ ಚೀಟಿಯಲ್ಲಿ "ಮಿಠಾಯಿ ಬಣ್ಣ" ಇದ್ದರೆ ಬೇಕೇ ಎಂದು ಭಟ್ಟರನ್ನು ಕೇಳಿ. ಬೇಕೇ ಬೇಕೆಂದರೆ ಹೆಸರು, ಸಂಖ್ಯೆ ಇರುವ ಮುಚ್ಚಿದ ಡಬ್ಬಿ ತನ್ನಿ. ಬಿಡಿ ಪೊಟ್ಟಣ ಬೇಡ.
- ಅನುಮಾನ ಬಂದರೆ: ಎಫ್‌ಎಸ್‌ಎಸ್‌ಎಐ ಸಹಾಯವಾಣಿ 1800 11 2100ಕ್ಕೆ ಕರೆ ಮಾಡಿ, ಅಥವಾ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ. 2006ರ ಆಹಾರ ಸುರಕ್ಷತಾ ಕಾಯ್ದೆಯಡಿ ಗ್ರಾಹಕರೇ ಶುಲ್ಕ ಕಟ್ಟಿ ಆಹಾರವನ್ನು ಪರೀಕ್ಷೆ ಮಾಡಿಸಬಹುದು. ಕೊಳ್ಳುವಾಗಲೇ ಅಂಗಡಿಯವರಿಗೆ ಅದನ್ನು ತಿಳಿಸಬೇಕು. ತಪ್ಪು ಸಾಬೀತಾದರೆ ಕಟ್ಟಿದ ಶುಲ್ಕ ವಾಪಸು ಬರುತ್ತದೆ.

ಕೊನೆಯದಾಗಿ

ಇನ್ನೊಮ್ಮೆ "102 ವಿಷ" ಎಂಬ ಸಂದೇಶ ಬಂದಾಗ ಹಾಗೇ ಮುಂದೆ ಕಳಿಸಬೇಡಿ. ಬದಲಿಗೆ ಇದನ್ನು ಕಳಿಸಿ: ಟಾರ್ಟ್ರಾಜಿನ್ ಮಿತಿಯೊಳಗೆ ಬಳಸಲು ಒಪ್ಪಿದ ಬಣ್ಣ, ಕೆಲವರಿಗೆ ಆಗಿಬರುವುದಿಲ್ಲ, ಗೋಬಿ, ಕಬಾಬ್, ಅರಿಶಿನಕ್ಕೆ ಹಾಕುವಂತೆಯೇ ಇಲ್ಲ, ಬಿಡಿ ಪೊಟ್ಟಣದ ಬಣ್ಣವನ್ನು ನಂಬಲೇಬೇಡಿ. ಹೆದರಿಸುವ ಸಂದೇಶದಷ್ಟು ಬೇಗ ಇದು ಓಡಲಿಕ್ಕಿಲ್ಲ. ಆದರೆ ಓದಿದವರ ಮನೆಯ ಮಕ್ಕಳಿಗೂ, ಗಾಡಿ ಇಟ್ಟು ಬದುಕುವವರಿಗೂ ಉಪಯೋಗಕ್ಕೆ ಬರುವುದು ಇದೇ.